ಶಿವನ ಎದುರಿಗೆ ಕೂತವರು

ನಮ್ಮ ದೊಡ್ಡಪ್ಪ ಲೋಯರ್ ಸೆಕೆಂಡರಿವರೆಗೆ ಓದಿದ್ದೇ ಒಂದು ಕಾಯಿಲೆಯಾಯಿತು. ಕಂಡದ್ದನ್ನೆಲ್ಲ ವಿಂಗಡಿಸಿ, ದಾರ ಕಟ್ಟಿ ಇಡಬೇಕು. ಮಾಗಡಿಯ ನಮ್ಮ ಮನೆಯ ಅಟ್ಟದಿಂದ ಹಳೇ ಕಾಗದದ ಪೆಟ್ಟಿಗೆ ಇಳಿಸಿದ ದಿನ ಅವರ ಮುಖದಲ್ಲಿದ್ದ ಕಳೆ ಮದುವೆಯ ದಿನವೂ ಇರಲಿಲ್ಲವೆಂದು ದೊಡ್ಡಮ್ಮನೇ ಹೇಳುತ್ತಿದ್ದಳು.

ಪೆಟ್ಟಿಗೆ ಇಳಿಸಲು ಕಾರಣವಿತ್ತು. ಅಜ್ಜಿಯ ತವರಿನ ಕಡೆ, ದೊಡ್ಡಮಳೂರಿನ ಪಕ್ಕದಲ್ಲಿ, ಒಂದು ತೆಂಗಿನ ತೋಟ. ಅಜ್ಜ ಸ್ವಂತಕ್ಕೆ ಕೊಂಡದ್ದು. ಅಜ್ಜ ಹೋದ ಮೇಲೆ ಅದರ ಫಸಲು ಅಜ್ಜಿಗೇ ಎಂದು ಮನೆಯಲ್ಲಿ ಮಾತಾಗಿತ್ತು. ಆ ತೋಟ ಇದ್ದುದರಿಂದಲೇ ಅವಳು ಸೊಸೆಯರ ಮುಂದೆ ಕೈಚಾಚದೆ ತಲೆಯೆತ್ತಿ ಓಡಾಡುತ್ತಿದ್ದಳು. ಈಗ ಅಜ್ಜನ ತಮ್ಮನ ಮಗ, ಅದು ಒಟ್ಟು ಕುಟುಂಬದ ಆಸ್ತಿ, ತನಗೂ ಪಾಲು ಬರಬೇಕು, ಅಲ್ಲವೆನ್ನುವುದಾದರೆ ಕಾಗದ ತೋರಿಸಲಿ ಎಂದು ಚನ್ನಪಟ್ಟಣದ ಅಮಲ್ದಾರರಿಗೆ ಅರ್ಜಿ ಹಾಕಿದ್ದ.

ಸರಿ, ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಕಂದಾಯದ ರಸೀತಿಗಳ ಮೇಲೆ ಅಡಕೆ ಕತ್ತರಿ, ಜಾತಕಗಳ ಮೇಲೆ ಬೆಲ್ಲದಚ್ಚು. ಅಮಲ್ದಾರರು ಕೇಳಿರಲಿಲ್ಲ, ಆದರೂ ದೊಡ್ಡಪ್ಪ ಕೆಂಪು ಮಸಿಯಲ್ಲಿ ನಮ್ಮ ವಂಶಾವಳಿಯನ್ನೂ ಬರೆದರು. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ಹಾಗಾಗಿ ಮೇಲಿಂದ ಕೆಳಗಿನವರೆಗೆ ಎರಡೇ ಹೆಸರು, ಒಂದಾದ ಮೇಲೊಂದು. ಕೊನೆಯಲ್ಲಿ ನಾನು, ಅಜ್ಜನ ಹೆಸರು ಹೊತ್ತವನು. ಅದರ ದೆಸೆಯಿಂದ ಅಜ್ಜಿ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಗಂಡನ ಹೆಸರು ಬಾಯಲ್ಲಿ ತರಬಾರದಲ್ಲ! ನನ್ನ ತಮ್ಮಂದಿರನ್ನೆಲ್ಲ ಬಾಯ್ತುಂಬ ಕರೆಯುವಳು. ಮೀಸೆ ಬಂದು ಮದುವೆಯಾದ ಮೇಲೂ ನಾನು ಮಾತ್ರ ‘ಲೇ ಇವ್ನೆ’. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ದೊಡ್ಡಪ್ಪ ಒಂದು ಕಾಗದವನ್ನು ಬಾಗಿಲ ಕಡೆ ಎಸೆದದ್ದು ಅಜ್ಜಿಯ ಕಣ್ಣಿಗೆ ಬಿತ್ತು.

“ಅದ್ಯಾಕ್ಲಾ ಅತ್ಲಾಗೆ ಎಸ್ದೆ?”

“ನಮ್ದಲ್ಲ ಕಣವ್ವ. ದೊಡ್ಡಮಳೂರು ತಾವ ಯಾರೋ ತೋಟ ತಗಂಡವ್ನೆ. ಎಸ್ರೇ ಬ್ಯಾರೆ. ಬಿನ್ ಅಂತ ಬರ್ದು ಅಪ್ಪನ್ ಎಸ್ರೂ ಇಲ್ಲ.”

ಇಂಥವರ ಮಗ ಎನ್ನಲು ಸರ್ಕಾರಿ ಕಾಗದದಲ್ಲಿ ‘ಬಿನ್’ ಎಂದು ಬರೆಯುತ್ತಾರೆ. ಇಲ್ಲಿ ಬಿನ್ ಇತ್ತು, ಮುಂದೆ ಬರೀ ಬಿಳಿ ಕಾಗದ.

ಅಜ್ಜಿ ಹಣೆ ಚಚ್ಚಿಕೊಂಡಳು. “ಅಯ್ಯೋ ನಿನ್ನ, ಅದೇ ಕಣ್ಲಾ ನಮ್ ತೋಟದ್ದು! ಅವತ್ತು ಅವ್ರಿಗೆ ಜರ ಬಂದಿತ್ತು, ನಾನೇ ಓಗಿದ್ದೆ. ಶಾನುಬೋಗ್ರು ಗಂಡನ್ ಎಸ್ರು ಕೇಳುದ್ರು. ಶಿವನ್ ಎದುರ್ಗೆ ಕೂತವ್ರಲ್ಲ, ಅವ್ರು ಅಂದೆ. ಮಾವನ್ ಎಸ್ರು ಕೇಳುದ್ರು. ಅದ್ನೆಂಗ್ ಯೋಳ್ಳಿ? ಸುಮ್ಕಾದೆ.”

ಶಿವನ ಎದುರಿಗೆ ಕೂತವರಿಗೆ ನಮ್ಮಂಥ ಒಕ್ಕಲು ಮಕ್ಕಳು ಕರೆಯುವ ಹೆಸರು ಒಂದು, ಅದು ಅಜ್ಜನದು. ನಾಲ್ಕು ಶ್ಲೋಕ ಬಲ್ಲ ಆ ಶಾನುಭೋಗರ ನಾಲಗೆಗೆ ಬಂದದ್ದು ಇನ್ನೊಂದು. ಈಗ ಕೇಳೋಣವೆಂದರೆ ಶಾನುಭೋಗರೂ ಇಲ್ಲ, ತೋಟ ಮಾರಿದವನೂ ಇಲ್ಲ.

“ಅಮಲ್ದಾರ್ರ ಮುಂದೆ ಒಂದೇ ಒಂದ್ಸಲ ಅಪ್ಪನ್ ಎಸ್ರು ಯೋಳ್ಬುಡವ್ವ. ಶಾನುಬೋಗ್ರು ತಪ್ಪು ಬರ್ಕಂಡ್ರು ಅನ್ನು, ಸಾಕು” ಎಂದು ದೊಡ್ಡಪ್ಪ ಕೈಮುಗಿದರು.

“ಅವ್ರು ಇದ್ದಾಗ್ಲೇ ಯೋಳ್ದೇ ಇದ್ದೋಳು ಈಗ ಯೋಳ್ತೀನಾ? ತೋಟ ಓದ್ರೆ ಓಗ್ಲಿ ಬುಡು” ಎಂದಳು ಅಜ್ಜಿ. ಅಂದವಳು ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಸಂಕಟವಾಯಿತು.

ಚನ್ನಪಟ್ಟಣದ ಕಚೇರಿಯಲ್ಲಿ ದೊಡ್ಡಪ್ಪ ಮೊದಲು ಹಾಜರು ಮಾಡಿದ್ದು ಆ ಕೆಂಪು ಮಸಿಯ ವಂಶಾವಳಿಯನ್ನು. ಅಜ್ಜನ ತಮ್ಮನ ಮಗ ಅದನ್ನೇ ಹಿಡಿದುಕೊಂಡ. “ನೋಡಿ ಬುದ್ಧಿ, ಕ್ರಯಪತ್ರದಲ್ಲಿರೋ ಎಸ್ರು ಇವ್ರೇ ಬರ್ದಿರೋ ವಂಶದಲ್ಲಿ ಎಲ್ಲಾದ್ರೂ ಐತಾ?” ಎಲ್ಲಿಂದ ಇರಬೇಕು! ದೊಡ್ಡಪ್ಪನ ಅಕ್ಷರ ಬೇರೆ ಮುತ್ತು ಪೋಣಿಸಿದಂತೆ, ಅನುಮಾನಕ್ಕೆ ಆಸ್ಪದವೇ ಇಲ್ಲ. ನನಗೆ ಅವರ ದಾರದ ಕಟ್ಟುಗಳನ್ನೆಲ್ಲ ಒಲೆಗೆ ಹಾಕುವಷ್ಟು ಸಿಟ್ಟು ಬಂತು.

ಅಮಲ್ದಾರರು ಅಜ್ಜಿಯ ಕಡೆ ನೋಡಿದರು. “ಏನಮ್ಮ, ನಿನ್ನ ಯಜಮಾನರ ಹೆಸರೇನು?” ದೊಡ್ಡಪ್ಪ ಬಾಯಿ ತೆರೆದರು. “ನೀವು ಸುಮ್ಮನಿರಿ. ಆಕೆ ಹೇಳಲಿ.”

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಶಿವನ್ ಎದುರ್ಗೆ ಕೂತವ್ರಲ್ಲ ಬುದ್ಧಿ, ಅವ್ರು.”

ಗುಮಾಸ್ತ ತಲೆ ಎತ್ತದೆ ಏನೋ ಗೀಚಿಕೊಂಡು, “ಮಾವನ ಹೆಸರು?” ಎಂದ. ಅಜ್ಜಿ ನೆಲ ನೋಡಿದಳು. ಆತ ‘ಬಿನ್’ ಎಂದು ಬರೆದು, ಲೇಖನಿ ಎತ್ತಿ ಹಿಡಿದು ಕಾದ. ಕಾದೇ ಕಾದ.

ಅಮಲ್ದಾರರು ಬಗ್ಗಿ ಅವನ ಹಾಳೆ ನೋಡಿದರು. ಹಳೇ ಕಾಗದವನ್ನು ಎಳೆದುಕೊಂಡು ಪಕ್ಕದಲ್ಲಿಟ್ಟರು. ಗುಮಾಸ್ತನೂ ಶ್ಲೋಕ ಬಲ್ಲವನೇ ಇರಬೇಕು, ಅದೇ ತಪ್ಪು ಹೆಸರು, ಅದೇ ಬಿನ್, ಮುಂದೆ ಅದೇ ಖಾಲಿ. ಅವರ ಹೊಟ್ಟೆ ಕುಲುಕಿತು, ಆಮೇಲೆ ಕಚೇರಿಗೆ ಕಚೇರಿಯೇ ನಕ್ಕಿತು.

“ಅವತ್ತು ಬರೆಸಿದವಳು ಈಕೆಯೇ ಕಣಯ್ಯ. ಇದಕ್ಕಿಂತ ಇನ್ಯಾವ ಸಾಕ್ಷಿ ಬೇಕು?” ಎಂದು ಅರ್ಜಿಯನ್ನು ವಜಾ ಮಾಡಿದರು. ದೊಡ್ಡಪ್ಪನ ಉಳಿದ ಕಟ್ಟುಗಳ ದಾರ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಅವರಿಗೆ ತೋಟ ಉಳಿದ ಸಂತೋಷಕ್ಕಿಂತ ಆ ದುಃಖವೇ ಹೆಚ್ಚಾಗಿತ್ತು.

ಗಾಡಿಯಲ್ಲಿ ಹಿಂದಿರುಗುವಾಗ ಅಜ್ಜಿ ನನ್ನ ಕಡೆ ತಿರುಗಿ, ಗುಮಾಸ್ತ ಬರೆದ ಆ ಇನ್ನೊಂದು ಹೆಸರು ಹಿಡಿದು ಗಟ್ಟಿಯಾಗಿ ಕರೆದಳು. “ಒಸಿ ನೀರ್ ಕೊಡ್ಲಾ” ಎಂದಳು.

ದೊಡ್ಡಪ್ಪ ಬೆಚ್ಚಿಬಿದ್ದರು. “ಅವ್ವಾ! ಸರ್ಕಾರದ ಲೆಕ್ಕದಲ್ಲಿ ಇನ್ಮ್ಯಾಕೆ ಅದೂ ಅಪ್ಪನ್ ಎಸ್ರೇ!”

“ಅದು ಕಚೇರಿಯೋರು ಇಟ್ಟಿದ್ದು ಕಣ್ಲಾ. ನನ್ ಗಂಡನ್ ಎಸ್ರು ನಂಗೊತ್ತಿಲ್ವಾ? ನೀನ್ ಸುಮ್ಕಿರು” ಎಂದು ಅಜ್ಜಿ ನನ್ನನ್ನು ಮತ್ತೊಮ್ಮೆ ಅದೇ ಹೆಸರಿನಿಂದ ಕರೆದಳು.

ತಪ್ಪು ಹೆಸರೇ, ಆದರೇನು? ಗಟ್ಟಿಯಾಗಿ ಓಗೊಟ್ಟೆ. ನೀರಿನ ಚೊಂಬು ಮುಂದೆ ಹಿಡಿದೆ.