ಕರು ಕುಡಿದ ಹಾಲುಪುಡಿ

ಮೊನ್ನೆ ಸೊಸೆ ಹಾಲುಪುಡಿಯ ಡಬ್ಬಿ ತೆರೆದಳು ನೋಡಿ, ಆ ಸಿಹಿ ವಾಸನೆಗೆ ನನಗೆ ತವರೂರು ಅಜ್ಜಾವರದ ನಮ್ಮ ದನದ ಹಟ್ಟಿ ನೆನಪಾಯಿತು. ಅಡುಗೆಮನೆಯಲ್ಲ, ಹಟ್ಟಿ! ಯಾಕೆಂದು ಹೇಳುತ್ತೇನೆ, ನಗಬೇಡಿ.

ಅರವತ್ತರ ದಶಕ. ಶಾಲೆಯ ಮಕ್ಕಳು ಸೊರಗಿದ್ದಾರೆಂದು ಯಾರೋ ಪುಣ್ಯಾತ್ಮರು ಕಡಲಾಚೆಯಿಂದ ಹಾಲುಪುಡಿ ಕಳಿಸುತ್ತಿದ್ದರು. ಮಾಸ್ಟ್ರು ಅದನ್ನು ಕಾಗದದಲ್ಲಿ ಕಟ್ಟಿ ಮನೆಗೆ ಕೊಡುತ್ತಿದ್ದರು. ನಮ್ಮಲ್ಲಿ ಹಸುವೇನೋ ಇತ್ತು. ಅದರ ಹಾಲು ಸುಳ್ಯದ ಹೋಟೆಲಿನ ಚಹಾಕ್ಕೆ, ಉಳಿದ ಒಂದು ಲೋಟ ಅಣ್ಣನಿಗೆ. ಹಾಗಾಗಿ ಕರು ಬಡಕಲು. ಅಜ್ಜಿ ನನ್ನ ಪೊಟ್ಟಣ ಬಿಚ್ಚಿ, ಬಿಸಿನೀರಿನಲ್ಲಿ ಕದಡಿ, ಬಿದಿರಿನ ಗೊಟ್ಟದಲ್ಲಿ ಕರುವಿನ ಬಾಯಿಗೆ ಹೊಯ್ಯುತ್ತಿದ್ದಳು.

"ನಂಗೆ ಅಜ್ಜಿ?"

"ಹೆಣ್ಣಿಗೆ ಹಾಲು ಎಂತಕೆ? ಬೇಗ ಮೈನೆರೆಯುದು. ನಿಂಗೆ ಗಂಜಿತಿಳಿ ಉಂಟಲ್ಲ ಮಾರಾಯ್ತಿ, ಕುಡಿ."

ಕರು ಮಿರಮಿರ ಮಿಂಚಿತು. ಬಂದವರೆಲ್ಲ ಅದರ ಬೆನ್ನು ತಟ್ಟಿ "ಭಾರಿ ಲಾಯ್ಕ ಉಂಟು!" ಎನ್ನುವವರೇ. ನಾನೋ ಅದರ ಹಗ್ಗದಷ್ಟು ದಪ್ಪ. "ಅವಳದ್ದು ತೆಳು ಮೈ, ನಮ್ಮ ಕುಟುಂಬವೇ ಹಾಗೆ" ಎಂದು ಅಜ್ಜಿ ಕೇಳುವ ಮೊದಲೇ ಹೇಳಿಬಿಡುತ್ತಿದ್ದಳು. ಅದೇ ಕುಟುಂಬದ ಅಣ್ಣ ಮಾತ್ರ ಬಾಗಿಲಿಗೆ ತಲೆ ಹೊಡೆಸಿಕೊಳ್ಳುವಷ್ಟು ಬೆಳೆದ, ಬಿಡಿ.

"ಹಾಲು ಕುಡಿದ್ಯಾ?" ಎಂದು ಮಾಸ್ಟ್ರು ಒಂದು ದಿನ ಕೇಳಿದರು. ಮನೆಯ ಮಾನದ ಪ್ರಶ್ನೆ! ಮರುದಿನದಿಂದ ಮೇಲ್ತುಟಿಗೆ ಅಕ್ಕಿಹಿಟ್ಟು ಸವರಿಕೊಂಡೇ ಶಾಲೆಗೆ ಹೋದೆ. ಅವರು ಮೆಚ್ಚಿ ತಲೆ ಸವರಿದರು. ಎಂಥ ಕಳ್ಳಿ ನೋಡಿ ನಾನು.

ಹೋದ ತಿಂಗಳು ಚಹಾದ ಪಾತ್ರೆ ಎತ್ತುವಾಗ ನನ್ನ ಮಣಿಕಟ್ಟು ಮುರಿಯಿತು. ಬಿದ್ದದ್ದಲ್ಲ, ಬರೇ ಎತ್ತಿದ್ದು. ಪುತ್ತೂರಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿ, "ಎಲುಬು ಟೊಳ್ಳಾಗಿದೆ. ಸಣ್ಣದಿರುವಾಗ ಹಾಲು ಕುಡೀತಿದ್ರಾ?" ಎಂದರು.

"ದಿನಾ ಕುಡೀತಿದ್ದೆ" ಎಂದಿತು ನನ್ನ ಬಾಯಿ. ಹಳೇ ಅಭ್ಯಾಸ!

ಜೊತೆಗೆ ಬಂದಿದ್ದ ಅಣ್ಣ, "ಇವಳಿಗೆ ಜಾಗ್ರತೆ ಇಲ್ಲ ಡಾಕ್ಟ್ರೆ. ನನ್ನನ್ನು ನೋಡಿ, ಈ ಪ್ರಾಯದಲ್ಲೂ ಕಲ್ಲಿನ ಹಾಗೆ ಇದ್ದೇನೆ" ಎಂದ. ಇರದೆ ಏನಪ್ಪ? ಡಾಕ್ಟರಮ್ಮ "ವಂಶದ್ದೇ ಇರಬೇಕು" ಎಂದು ಬರೆದುಕೊಂಡರು. ಅಜ್ಜಿ ಗೆದ್ದಳು.

ಮೊನ್ನೆಯ ಆ ವಾಸನೆ ಮಾತ್ರ ನನ್ನನ್ನು ಬಿಡಲಿಲ್ಲ. ಇವತ್ತು ಪಟ್ಟಿ ಬಿಚ್ಚಿಸಲು ಹೋದಾಗ, ಅಣ್ಣನ ಎದುರೇ ಹೇಳಿದೆ: "ಡಾಕ್ಟ್ರೆ, ಹೋದ ಸಲ ನಾನು ಹೇಳಿದ್ದು ಸುಳ್ಳು. ಹಾಲು ಇವ ಕುಡಿದದ್ದು, ಪುಡಿ ಕರು ಕುಡಿದದ್ದು. ನಂಗೆ ಗಂಜಿತಿಳಿ. ವಂಶ ಅಂತ ಬರೆದದ್ದು ಹೊಡೆದು ಹಾಕಿ."

ಅವರು ಹೊಡೆದು ಹಾಕಿದರು. ಸುಳ್ಯದ ಬಸ್ಸಿನಲ್ಲಿ ಅಣ್ಣ ನನ್ನ ಪಕ್ಕ ಕೂತ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದ, "ನಿಂಗೆ ಕೊಡುದಿಲ್ಲ ಅಂತ ನಂಗೆ ಆಗಲೇ ಗೊತ್ತಿತ್ತು."

ಹಾಗಾದರೆ ಮನೆಯಲ್ಲಿ ಗೊತ್ತಿಲ್ಲದಿದ್ದದ್ದು ಕರುವಿಗೆ ಮಾತ್ರ.