ಕಿರುಬೆರಳಿನ ಅಕ್ಷರಗಳು

ಸತ್ತವನ ಪೈಜಾಮಕ್ಕೆ ಇಸ್ತ್ರಿ ಮಾಡಿ ಹಾಸಿಗೆಯ ಮೇಲೆ ಹಾಸಿದ್ದರು. ಮಂಚದ ಕೆಳಗೆ ಅವನ ಚಪ್ಪಲಿ, ಬಚ್ಚಲಲ್ಲಿ ಅವನ ಹಲ್ಲುಜ್ಜುವ ಬ್ರಷ್ಷು. ಅವನು ಸತ್ತು ನಲವತ್ತು ವರ್ಷದ ಮೇಲಾಗಿದೆಯಂತೆ. ಜನ ಟಿಕೆಟ್ ತೆಗೆದುಕೊಂಡು ಸಾಲಾಗಿ ಬಂದು, ಹಗ್ಗದ ಈಚೆ ನಿಂತು ಆ ಬ್ರಷ್ಷಿನ ಫೋಟೊ ತೆಗೆಯುತ್ತಿದ್ದರು. ನಮ್ಮ ಕಡೆ ಹೋದವರ ಹಾಸಿಗೆ, ಬಟ್ಟೆಗಳನ್ನು ಕರ್ಮ ಮುಗಿಯುತ್ತಲೇ ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ.

"ಏನಕ್ಕಾ ಇದು, ಹೆಣ ಒಂದು ಇಲ್ಲ ನೋಡು, ಉಳಿದದ್ದೆಲ್ಲಾ ಐತಿ" ಅಂದೆ.

"ಸುಮ್ನಿರ, ಮ್ಯೂಸಿಯಮ್ಮಿನಾಗ ಹಂಗೆಲ್ಲಾ ಒದರಬಾರ್ದು" ಎಂದು ಗಿರಿಜಕ್ಕ ನನ್ನ ತೋಳು ಚಿವುಟಿದಳು.

ಅವನೊಬ್ಬ ಅಮೆರಿಕದ ಕಾದಂಬರಿಕಾರ. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದಷ್ಟು ಕಡೆ ಬರೆದಿದ್ದಾರೆ, ನನ್ನಿಂದ ಇನ್ನೊಂದು ಸಲ ಬೇಡ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಧಾರವಾಡ ಸೀಮೆಯ ಒಂದು ಊರಿನಲ್ಲಿ ಇಪ್ಪತ್ತೆರಡು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು. ಕನ್ನಡ, ಇಂಗ್ಲಿಷ್ ಸೇರಿ ಹದಿನಾಲ್ಕು ಮಷಿನ್ನು. ಮದುವೆ ಆಗಲಿಲ್ಲ, ಆಗಬೇಕೆಂದು ಅನ್ನಿಸಲೂ ಇಲ್ಲ. ಕಂಪ್ಯೂಟರ್ ಬಂದು ಹುಡುಗಿಯರು ಬರುವುದು ನಿಂತಿತು. ನರ್ಸ್ ಆಗಿ ಅಮೆರಿಕಕ್ಕೆ ಬಂದಿದ್ದ ಅಕ್ಕ ಯಾವಾಗಲೋ ನನ್ನ ಹೆಸರಿನಲ್ಲಿ ಹಾಕಿದ್ದ ವೀಸಾ ಅರ್ಜಿ, ನಾನು ಮರೆತೇಬಿಟ್ಟಿದ್ದಾಗ ಪಾಸಾಯಿತು. ಐವತ್ತೊಂದನೇ ವಯಸ್ಸಿಗೆ ಸ್ಯಾನ್ ಹೊಸೆಯ ಎವರ್‌ಗ್ರೀನ್ ಬಡಾವಣೆಯಲ್ಲಿ ಅವಳ ಮನೆಯ ಹಿತ್ತಲ ಖೋಲಿಗೆ ಬಂದು ಇಳಿದೆ.

ಖೋಲಿ ಚೆನ್ನಾಗಿದೆ. ಒಲೆ ಇದೆ, ಜೋಳದ ಹಿಟ್ಟು ಸಿಗುತ್ತದೆ. ಆದರೆ ರೊಟ್ಟಿ ಬಡಿದರೆ ಹೊಗೆಯ ಅಲಾರಾಂ ಊಳಿಡುತ್ತದೆ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಟವೆಲ್ ಹಿಡಿದು ಅದರ ಕೆಳಗೆ ಗಾಳಿ ಬೀಸುತ್ತಾ ನಿಲ್ಲಬೇಕು. ಊರಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಕ್ಕದ ಮನೆಯವರು "ಶಾಂತಕ್ಕಾರ, ಇವತ್ತ ಏನ್ ಪಲ್ಯ?" ಎಂದು ಕೇಳುತ್ತಿದ್ದರು. ಇಲ್ಲಿ ಪಕ್ಕದ ಮನೆಯಾತ ಎರಡು ವರ್ಷದಿಂದ ನನಗೆ ಕೈ ಬೀಸುತ್ತಿದ್ದಾನೆ. ಅವನ ಹೆಸರು ಇವತ್ತಿಗೂ ಗೊತ್ತಿಲ್ಲ. ಬೆಳಗ್ಗೆ ಒಂದು ಡೇಕೇರಿನಲ್ಲಿ ಕೆಲಸ ಹಿಡಿದೆ. ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದೆ. ಅಂದು ಅಕ್ಕ ಸಜ್ಜಕದ ಹೋಳಿಗೆ ಮಾಡಿದಳು.

ಮ್ಯೂಸಿಯಮ್ ಮಾಡಿದ ಆ ಕಾದಂಬರಿಕಾರನ ಮನೆ ನಮ್ಮಲ್ಲಿಂದ ಫ್ರೀವೇಯಲ್ಲಿ ಒಂದು ಗಂಟೆ, ಗುಡ್ಡದ ಮೇಲಿದೆ. ಅಂದು ಪೈಜಾಮ ನೋಡಿ ನಕ್ಕವಳು ಮುಂದಿನ ಕೋಣೆಗೆ ಹೋಗಿ ಬಾಯಿ ಮುಚ್ಚಿಕೊಂಡೆ. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಒಂದು ಟೈಪ್‌ರೈಟರ್. ಪಕ್ಕದಲ್ಲಿ ಕಾದಂಬರಿಯ ಒಂದು ಹಾಳೆ. ನನಗೆ ತಂಗಿಯನ್ನು ಕಂಡಂತಾಯಿತು. ಆ ಸಂಕಟದಲ್ಲೇ ಅಲ್ಲಿನ ಫಾರ್ಮ್ ತುಂಬಿ ಡೋಸೆಂಟ್ ಆದೆ. ಡೋಸೆಂಟ್ ಎಂದರೆ ಸಂಬಳವಿಲ್ಲದೆ ಮ್ಯೂಸಿಯಮ್ಮನ್ನು ಸುತ್ತಿಸಿ ತೋರಿಸುವವರು. ಪ್ರತಿ ಶನಿವಾರ ನೀಲಿ ಪಟ್ಟಿ ಕೊರಳಿಗೆ ಹಾಕಿಕೊಂಡು, ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಹೇಳುತ್ತಿದ್ದೆ: "ಈ ಮಹಾನ್ ಲೇಖಕ ಎರಡೇ ಬೆರಳಿನಿಂದ ಹನ್ನೊಂದು ಕಾದಂಬರಿ ಟೈಪ್ ಮಾಡಿದರು." ಜನ "ವಾವ್" ಅನ್ನುತ್ತಿದ್ದರು. ನಾನೂ ನಂಬಿದ್ದೆ. ವಾರಕ್ಕೆ ಒಂದು ದಿನ ನಾನು ಯಾರೋ ಒಬ್ಬಳು ಅನ್ನಿಸುತ್ತಿತ್ತು, ಅದು ಆ ಮನೆಯಲ್ಲಿ ಮಾತ್ರ.

ಆ ವರ್ಷ ಖಂಡೇನವಮಿ ಶನಿವಾರವೇ ಬಂತು. ಬೆಂಗಳೂರಿನವರು ಆಯುಧಪೂಜೆ ಅನ್ನುವುದು ಅದಕ್ಕೇ. ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಆ ದಿನ ಹದಿನಾಲ್ಕೂ ಮಷಿನ್ನುಗಳನ್ನು ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ ಚೆಂಡುಹೂ ಇಡುತ್ತಿದ್ದೆವು. ಹುಡುಗಿಯರು ಹೊಸ ಲಂಗ ಉಟ್ಟು ಬರುತ್ತಿದ್ದರು. ಅಂದು ಬೆಳಗ್ಗೆ ಮನೆ ತೆರೆಯುವ ಪಾಳಿ ನನ್ನದು, ಒಳಗೆ ಬೇರೆ ಯಾರೂ ಇರಲಿಲ್ಲ. ಗಾಜಿನೊಳಗೆ ಆ ಮಷಿನ್ನು ಬೋಳು ಹಣೆಯಲ್ಲಿ ಕೂತಿತ್ತು. ಹಬ್ಬದ ದಿನ ಅದನ್ನು ಹಾಗೆ ನೋಡಲಾಗಲಿಲ್ಲ. ಗಾಜು ಎತ್ತಿದೆ, ಚೀಲದಲ್ಲಿದ್ದ ಕುಂಕುಮ ತೆಗೆದು ಮೂರು ಬೊಟ್ಟು ಇಟ್ಟೆ, ಅಕ್ಕನ ಹಿತ್ತಲ ಹೂವೊಂದು ಇಟ್ಟು ಕೈಮುಗಿದೆ. ತಪ್ಪೇ. ಬೇರೆಯವರ ವಸ್ತು, ಕೇಳದೆ ಮುಟ್ಟಬಾರದಿತ್ತು. ಒಪ್ಪುತ್ತೇನೆ.

ಆದರೆ ಗಾಜು ಎತ್ತಿದ್ದರಿಂದ ಆ ಹಾಳೆಯನ್ನು ಮೊದಲ ಸಲ ಹತ್ತಿರದಿಂದ ಕಂಡೆ. ಹಾಳೆಯುದ್ದಕ್ಕೂ ಇಂಗ್ಲಿಷಿನ 'ಎ' ಅಕ್ಷರವೂ 'ಪಿ' ಅಕ್ಷರವೂ ಮಸುಕು, ಉಳಿದವೆಲ್ಲ ಕಪ್ಪು. ಟೈಪಿಂಗ್ ಕಲಿತ ಯಾರನ್ನು ಬೇಕಾದರೂ ಕೇಳಿ. ಆ ಎರಡನ್ನು ಕಿರುಬೆರಳಿನಿಂದ ಹೊಡೆಯಬೇಕು, ಕಿರುಬೆರಳಿಗೆ ಬಲ ಕಡಿಮೆ. ಎರಡೇ ಬೆರಳಿನಿಂದ ಕುಟ್ಟುವವನಿಗೆ ಎಲ್ಲ ಅಕ್ಷರವೂ ಒಂದೇ ಕಪ್ಪು ಬೀಳುತ್ತದೆ. ಇದು ಹತ್ತು ಬೆರಳೂ ಪಳಗಿದ ಕೈ.

ಗೋಡೆಯಲ್ಲಿ ಅವನು ಪ್ರಕಾಶಕರಿಗೆ ಬರೆದ ಕಾಗದವೊಂದಕ್ಕೆ ಕಟ್ಟು ಹಾಕಿ ತೂಗಿಹಾಕಿದ್ದಾರೆ. ಬಂದವರೆಲ್ಲ ಅವನ ಸಹಿ ನೋಡುತ್ತಾರೆ. ನಾನು ಓಡಿಹೋಗಿ ಕೆಳಗೆ ಎಡಗಡೆ ನೋಡಿದೆ. ಬರೆಸಿದವರ ಇನಿಷಿಯಲ್ ದೊಡ್ಡ ಅಕ್ಷರದಲ್ಲಿ, ಪಕ್ಕದಲ್ಲೊಂದು ಗೆರೆ, ಆಮೇಲೆ ಟೈಪ್ ಮಾಡಿದವರದ್ದು ಸಣ್ಣ ಅಕ್ಷರದಲ್ಲಿ. ಇದು ಟೈಪಿಸ್ಟರ ಪದ್ಧತಿ, ನಾನೇ ನೂರಾರು ಹುಡುಗಿಯರಿಗೆ ಕಲಿಸಿದ್ದೇನೆ. ಅಲ್ಲಿತ್ತು, ಇರುವೆಯಷ್ಟು ಸಣ್ಣದು. ಅದು ಅವನ ಹೆಂಡತಿಯ ಇನಿಷಿಯಲ್, ಅವಳ ಹೆಸರನ್ನು ಡೋಸೆಂಟರಿಗೆ ಕೊಟ್ಟ ಕಾಗದಗಳಲ್ಲಿ ಒಮ್ಮೆ ಓದಿದ್ದೆ. ಇಡೀ ಮನೆಯಲ್ಲಿ ಅವಳ ಗುರುತೆಂದರೆ ಅಡಿಗೆಮನೆಯಲ್ಲಿ ತೂಗುಹಾಕಿದ ಒಂದು ಏಪ್ರನ್ನು. ಅದರ ಕೆಳಗಿನ ಚೀಟಿಯಲ್ಲಿ 'ಲೇಖಕರ ಪತ್ನಿಯದು' ಎಂದಷ್ಟೇ ಇದೆ.

ಅವಳ ಹೆಸರು ಎಡ್ನಾ. ಅದನ್ನು ಬರೆಯುತ್ತೇನೆ.

ಸೋಮವಾರ ಡೋಸೆಂಟರ ಮೇಲ್ವಿಚಾರಕಿ ಲಿಂಡಾ ನನ್ನನ್ನು ಕರೆಸಿದಳು. ಮೀಟಿಂಗು. ಟಿಶ್ಯೂ ಪೇಪರಿನಲ್ಲಿ ಆ ಹೂವನ್ನು ಸಾಕ್ಷಿಯ ಹಾಗೆ ಸುತ್ತಿಟ್ಟಿದ್ದಳು.

"ಶಾಂತಾ, ನಿಮ್ಮ ಸಂಸ್ಕೃತಿಯ ಬಗ್ಗೆ ನಮಗೆ ತುಂಬಾ ಗೌರವ" ಎಂದು ನಕ್ಕಳು.

ಊರಲ್ಲಾದರೆ ಇಷ್ಟಕ್ಕೆ ಬೈದು, ನಾನೂ ಎರಡು ಬೈದು, ಚಹಾ ಕುಡಿದು ಮುಗಿಸುತ್ತಿದ್ದೆವು. ಇಲ್ಲಿ ನಗುತ್ತಾರೆ. ಆ ನಗು ನೋಡಿದರೆ ಮೈಯೆಲ್ಲ ಉರಿಯುತ್ತದೆ. ನಾನು ತಪ್ಪಾಯಿತೆಂದು ಹೇಳಿದೆ. ಆಮೇಲೆ ಎಡ್ನಾಳ ವಿಷಯ ತೆಗೆದೆ. ಹಾಳೆ ತೋರಿಸಿದೆ, ಮೇಜಿನ ಮೇಲೆ ಹತ್ತು ಬೆರಳಿಟ್ಟು ಕಿರುಬೆರಳು ಹೇಗೆ ಬೀಳುತ್ತದೆಂದು ತೋರಿಸಿದೆ, ಕಾಗದದ ಕೆಳಗಿನ ಅಕ್ಷರ ತೋರಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ಇಂಟರೆಸ್ಟಿಂಗ್" ಅಂದಳು ಲಿಂಡಾ.

ಇಂಟರೆಸ್ಟಿಂಗ್ ಎಂದರೆ ಇಲ್ಲಿ ಆಸಕ್ತಿ ಎಂದಲ್ಲ, ಎದ್ದು ಹೋಗು ಎಂದರ್ಥ.

"ಎಡ್ನಾ ತುಂಬ ಒಳ್ಳೆಯವಳಂತೆ, ಸೇಬಿನ ಪೈ ಬಹಳ ಚೆನ್ನಾಗಿ ಮಾಡುತ್ತಿದ್ದಳಂತೆ" ಎಂದಳು. "ಆದರೆ ಜನ ಇಲ್ಲಿಗೆ ಬರುವುದು ಆ ಎರಡು ಬೆರಳಿನ ಕತೆಗಾಗಿ."

"ಕತೆ ಸುಳ್ಳಾದರೆ?" ಅಂದೆ.

"ಮುಂದಿನ ಶನಿವಾರದಿಂದ ನೀವು ಪಾರ್ಕಿಂಗ್ ನೋಡಿಕೊಳ್ಳಿ. ಹೊರಗೆ ಗಾಳಿ ಚೆನ್ನಾಗಿರುತ್ತದೆ" ಅಂದಳು.

ಹನ್ನೊಂದು ಕಾದಂಬರಿ! ಒಂದೊಂದನ್ನೂ ಎಷ್ಟು ಸಲ ತಿದ್ದಿ ತಿದ್ದಿ ಹೊಡೆದಿರಬೇಕು ಆ ಹೆಂಗಸು. ಮಧ್ಯೆ ಪೈ ಬೇರೆ. ಅವನ ಹಲ್ಲುಜ್ಜುವ ಬ್ರಷ್ಷಿಗೊಂದು ಚೀಟಿ, ಅವನ ನಾಯಿಯ ಬಟ್ಟಲಿಗೊಂದು ಚೀಟಿ, ನಾಯಿಗೂ ಹೆಸರಿದೆ. ದಾರಿಯುದ್ದಕ್ಕೂ ಕಾರಿನಲ್ಲಿ ಒಬ್ಬಳೇ ಬೈದುಕೊಂಡು ಬಂದೆ, ಅಚ್ಚ ಧಾರವಾಡದ ಬೈಗುಳ. ಹಿಡಿಯಬೇಕಾದ ಎಕ್ಸಿಟ್ ಬಿಟ್ಟು ಮುಂದೆ ಹೋಗಿ, ಮಿಲ್ಪಿಟಾಸ್ ಸುತ್ತಿ ಮನೆ ಸೇರಿದೆ.

"ಹೆಸರು ಶಾಂತಾ, ಬಾಯಿ ಬೆಂಕಿ" ಅಂದಳು ಅಕ್ಕ. "ಬಂದ ದೇಶದಾಗ ಸುಮ್ನ ಇರಬೇಕವಾ. ಅಕಿ ನಿನಗೇನು ಅತ್ತಿ ಮಗಳ, ಸ್ವಾದರತ್ತಿ ಮಗಳ? ಬಿಡು ಆ ಕೆಲಸ."

ಬಿಡಲಿಲ್ಲ. ಶನಿವಾರ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಪಾರ್ಕಿಂಗಿನಲ್ಲಿ ನಿಂತೆ. ಬಂದ ಪ್ರತಿ ಕಾರಿಗೂ ಜಾಗ ತೋರಿಸಿ, ಕಿಟಕಿಗೆ ಬಗ್ಗಿ ನನ್ನ ಒಡಕು ಇಂಗ್ಲಿಷಿನಲ್ಲಿ ಹೇಳಿದೆ: "ಒಳಗೆ ಗೋಡೆ ಮೇಲೆ ಕಾಗದ ಇದೆ. ಕೆಳಗೆ ಎಡಗಡೆ ನೋಡಿ. ಅದು ಎಡ್ನಾ." ಕೆಲವರು ಗಾಜು ಏರಿಸಿಕೊಂಡರು. ಕೆಲವರು ನೋಡಿ ಬಂದರು. ಕೋಲು ಊರಿಕೊಂಡು ಬಂದಿದ್ದ ಒಬ್ಬ ಅಜ್ಜಿ ಒಳಗೆ ಹೋಗಿ ಬಂದು, ನನ್ನ ಎದುರು ನಿಂತು, "ನಾನು ನಲವತ್ತು ವರ್ಷ ವಕೀಲರ ಸೆಕ್ರೆಟರಿ" ಎಂದಳು. ಅಷ್ಟೇ ಹೇಳಿ ನನ್ನ ಕಿರುಬೆರಳನ್ನು ತನ್ನ ಕಿರುಬೆರಳಿನಿಂದ ಹಿಡಿದಳು. ಈ ದೇಶಕ್ಕೆ ಬಂದ ಮೇಲೆ ಮನೆಯವರನ್ನು ಬಿಟ್ಟು ನನ್ನ ಕೈ ಹಿಡಿದವಳು ಅವಳೊಬ್ಬಳೇ. ಅಂದು ಗೆದ್ದೆ ಅನ್ನಿಸಿತು.

ಆ ಗೆಲುವು ಎರಡು ವಾರ ಇತ್ತು. ಆಮೇಲೆ ಊರಿನಿಂದ ನನ್ನ ಹಳೆಯ ವಿದ್ಯಾರ್ಥಿನಿ ಕವಿತಾ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು.

ನಮ್ಮೂರಲ್ಲೂ ಒಬ್ಬ ಕಾದಂಬರಿಕಾರರಿದ್ದರು. ಎಲ್ಲರೂ ಅವರನ್ನು ಸರ್ ಎಂದೇ ಕರೆಯುತ್ತಿದ್ದರು. ಹೆಸರು ಬರೆಯುವುದಿಲ್ಲ, ಇಬ್ಬರಿಗೂ ಒಂದೇ ನ್ಯಾಯ. ಅವರ ಮೂರು ಕಾದಂಬರಿಗಳನ್ನು ಕೋಳಿಕಾಲು ಕೈಬರಹದಿಂದ ಬಿಡಿಸಿ ಟೈಪ್ ಮಾಡಿದವಳು ನಾನು. ಮೊದಲ ಕಾದಂಬರಿಯ ಕೊನೆಯ ಹಾಳೆಯಲ್ಲಿ, ಕೆಳಗೆ ಎಡಗಡೆ, ಪದ್ಧತಿಯಂತೆ ನನ್ನ ಸಣ್ಣ ಅಕ್ಷರ ಹಾಕಿದ್ದೆ. ಸರ್ ನೋಡಿ, "ಇದ್ಯಾಕವಾ ಶಾಂತಾ, ಚಂದ ಕಾಣೂದಿಲ್ಲ" ಅಂದರು. ಬೈಯಲಿಲ್ಲ, ಪ್ರೀತಿಯಿಂದಲೇ ಅಂದರು. ನಾನು ಆ ಹಾಳೆಯನ್ನು ಹರಿದು ಇನ್ನೊಂದು ಹೊಡೆದುಕೊಟ್ಟೆ. ಆಮೇಲಿನ ಎರಡರಲ್ಲಿ ಹಾಕಲೇ ಇಲ್ಲ.

ಈಗ ಅವರ ಮನೆಯನ್ನು ಸ್ಮಾರಕ ಮಾಡಿದ್ದಾರೆ. ಫೋಟೊದಲ್ಲಿ ಗಾಜಿನ ಪೆಟ್ಟಿಗೆ, ಒಳಗೊಂದು ಕನ್ನಡ ಟೈಪ್‌ರೈಟರ್, ಪಕ್ಕದಲ್ಲಿ ಒಂದು ಹಾಳೆ. ಮಷಿನ್ನಿಗೆ ಕುಂಕುಮ ಹಚ್ಚಿದ್ದಾರೆ, ಚೆಂಡುಹೂ ಇಟ್ಟಿದ್ದಾರೆ, ಅದಕ್ಕೇನೂ ಕಡಿಮೆ ಮಾಡಿಲ್ಲ. ಕೆಳಗೆ ಚೀಟಿ: 'ಕಾದಂಬರಿಕಾರರು ಸ್ವತಃ ಬೆರಳಚ್ಚಿಸುತ್ತಿದ್ದ ಯಂತ್ರ.' ಮುರಿದ ಹಿಡಿಕೆಗೆ ಸುತ್ತಿದ ಕೆಂಪು ದಾರ ನೋಡಿ ಗುರುತು ಹಿಡಿದೆ. ಊರು ಬಿಡುವಾಗ ಸರ್ ಮನೆಯವರು ನೆನಪಿಗೆಂದು ಕೇಳಿದ್ದಕ್ಕೆ ನಾನೇ ಕೊಟ್ಟುಬಂದದ್ದು.

ಕವಿತಾಳಿಗೆ ಫೋನ್ ಹಚ್ಚಿದೆ.

"ಟೀಚರ್, ಅದು ನಮ್ಮ ಮೂರನೇ ನಂಬರ್ ಮಷಿನ್ ಅಲ್ರೀ?" ಅಂದಳು. "ಸರ್‌ಗೆ ರಿಬ್ಬನ್ ಹಾಕಾಕೂ ಬರ್ತಿರಲಿಲ್ರೀ. ನಾ ಹೋಗಿ ಕಮಿಟಿಯವರಿಗೆ ಹೇಳ್ಲೇನ್ರೀ?"

"ಬ್ಯಾಡವಾ" ಅಂದೆ. "ಯಾಕ ಸುಮ್ನ ಊರಾಗ ಬಾಯಿಗೆ ಬರೂದು."

ಫೋನ್ ಇಟ್ಟ ಮೇಲೆ ನನ್ನ ಬಾಯಿಯಿಂದ ಏನು ಬಂತೆಂದು ನನಗೇ ತಿಳಿಯಿತು. ಲಿಂಡಾಳ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಮುಖ ನೋಡದ ಎಡ್ನಾಳಿಗಾಗಿ ಬಿಸಿಲಲ್ಲಿ ನಿಂತು ಗಂಟಲು ಹರಿದುಕೊಂಡವಳು, ನನ್ನೂರಲ್ಲಿ ನನ್ನ ಹೆಸರು ಹೇಳಲೇ ಎಂದರೆ ಬೇಡ ಅಂದೆ. ಎಡ್ನಾ ತನ್ನ ಅಕ್ಷರ ಇಟ್ಟು ಹೋಗಿದ್ದಳು. ನನ್ನದನ್ನು ನಾನೇ ಹರಿದಿದ್ದೆ.

ಇಲ್ಲಿ ಆ ಮನೆಯೊಳಗೆ ನನಗೆ ಜಾಗವಿಲ್ಲ, ಅಲ್ಲಿ ಆ ಗೋಡೆಯ ಮೇಲೆ ನಾನಿಲ್ಲ. ಎರಡೂ ಕಡೆ ಮಷಿನ್ನಿಗೆ ಮಾತ್ರ ಗಾಜಿನ ಪೆಟ್ಟಿಗೆ ಸಿಕ್ಕಿದೆ. ಇವತ್ತು ಡೇಕೇರಿನಿಂದ ಬಂದವಳು ಕವಿತಾಳಿಗೆ ಮತ್ತೆ ಫೋನ್ ಮಾಡಿ, "ಹೇಳವಾ, ನನ್ನ ಹೆಸರು ಹಿಡಿದೇ ಹೇಳು" ಅಂದೆ. ಕಮಿಟಿಯವರು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ. ಆ ಸ್ಮಾರಕಕ್ಕೆ ಹೋದರೆ ಗಾಜಿನೊಳಗಿನ ಹಾಳೆಯನ್ನು ಬಗ್ಗಿ ನೋಡಿ. ಕೆಳಗೆ ಎಡಗಡೆ ಹುಡುಕಬೇಡಿ, ಅಲ್ಲಿ ಏನೂ ಇಲ್ಲ. ಕಿರುಬೆರಳಿನ ಅಕ್ಷರಗಳನ್ನು ನೋಡಿ. ಮಸುಕಾಗಿರುತ್ತವೆ. ಅದು ನಾನು, ಶಾಂತಾ.