ನೀರೋ ಗೆದ್ದ ಸಂಜೆ

"ನೀರೋ ಪರ ಇರೋರು ಕೈ ಎತ್ತಿ" ಎಂದು ನಿರೂಪಕಿ ಹೇಳಿದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಜನರಲ್ ಮ್ಯಾನೇಜರ್ ಸಾಹೇಬರ ಕೈ ಮೇಲೆದ್ದಿತು. ಹಿಂದೆಯೇ ಸಭಾಂಗಣದ ಕೈಗಳೆಲ್ಲ ಎದ್ದವು.

ವಿಶಾಖಪಟ್ಟಣದ ನಮ್ಮ ಕಾರ್ಖಾನೆಯ ಟೌನ್‌ಶಿಪ್‌ನಲ್ಲಿ ಕನ್ನಡ ಸಂಘ ಏರ್ಪಡಿಸಿದ್ದ, ಗ್ರೀಕ್-ರೋಮನ್ ಘಟಾನುಘಟಿಗಳ ನಾಕೌಟ್ ಸ್ಪರ್ಧೆಯ ಸೆಮಿಫೈನಲ್ ಅದು. ಸಾಕ್ರೆಟಿಸ್ ಪರವಾಗಿ ನನ್ನ ಮಗಳು, ತೆಲುಗು ಬೆರೆತ ತನ್ನ ಕನ್ನಡದಲ್ಲೇ, ಕೇಳಿದವರ ಕಣ್ಣು ತೇವವಾಗುವಂತೆ ಮಾತಾಡಿದ್ದಳು. ಎದುರಾಳಿ, ರೋಮ್ ಉರಿಯುವಾಗ ಪಿಟೀಲು ಬಾರಿಸಿದನೆಂಬ ನೀರೋ.

ಕನ್ನಡ ಬಾರದ ಸಾಹೇಬರು ಎತ್ತಿದ ಕೈ ಆಡಿಸುತ್ತ, "ಏಸಿ ಕೊಂಚೆಂ ತಗ್ಗಿಂಚಂಡಿ" ಎಂದರು. ಏಸಿ ತಗ್ಗಿತು. ಕೈಗಳು ಇಳಿಯಲಿಲ್ಲ. ನೀರೋ ಫೈನಲ್‌ಗೆ ಹೋದ. ಆ ಕೈಗಳಲ್ಲಿ ನಮ್ಮ ಮನೆಯವರದೂ ಒಂದು.

"ಸಾಹೇಬ್ರು ಕೈ ಎತ್ತಿದ್ದು ಏಸಿಗೆ ಅಂತ ಗೊತ್ತಾಗ್ಲಿಲ್ವೇನ್ರೀ?" ಎಂದು ಮನೆಗೆ ಬಂದು ಕೇಳಿದೆ.

"ಗೊತ್ತಾಯ್ತು ಕಣೇ. ಎಲ್ರೂ ಎತ್ತಿರುವಾಗ ನಾನೊಬ್ನೇ ಹೇಗೆ ಇಳಿಸ್ಲಿ?"

ಸಾಕ್ರೆಟಿಸ್‌ನಂಥ ಮನುಷ್ಯನಿಗೆ ವಿಷ ಕೊಡಲು ಊರಿನ ಜನ ಹೇಗೆ ಒಪ್ಪಿದರು ಎಂದು ಭಾಷಣ ಬರೆಯುವಾಗ ಮಗಳು ಕೇಳಿದ್ದಳು. ಪುಸ್ತಕದಲ್ಲಿ ಹುಡುಕು ಎಂದಿದ್ದೆ. ಈಗ ನೋಡಿದರೆ, ಆ ಜನರಲ್ಲೊಬ್ಬರಿಗೆ ದಿನಾ ನಾನೇ ಸಾರು ಬಡಿಸುತ್ತಿದ್ದೇನೆ.